ಹುಳುವಿನ ತೂಕ, ಕಾಡಿನ ವಯಸ್ಸು

ಹೋದ ಭಾನುವಾರ ಬೆಳಗ್ಗೆ ನಮ್ಮ ಹಿತ್ತಲಿನಲ್ಲಿ ಬಹುದಿನಗಳಿಂದ ಒಂದೇ ಕಡೆ ಇದ್ದ ಹೂಕುಂಡವೊಂದನ್ನು ಸರಿಸಬೇಕಾಗಿ ಬಂದಿತು. ಕುಂಡವನ್ನು ಎತ್ತಿದೊಡನೆ, ಅದರ ಅಡಿಯ ತಂಪಿನಲ್ಲಿ ಮಲಗಿದ್ದ ಕರಿಯ ಹುಳುವೊಂದು ಬೆಳಕಿಗೆ ಬೆದರಿ ನೆಟ್ಟನೆ ಗೋಡೆಯ ಬುಡಕ್ಕೆ ಓಡಿತು. ನಮ್ಮ ಮನೆಯವರು ಪೊರಕೆ ತರಲೆಂದು ಒಳಗೆ ಹೋದರು. ಎಂಟು ವರ್ಷದ ಮೊಮ್ಮಗಳು ಮಾತ್ರ ಅಲ್ಲಿಯೇ ಮೊಣಕಾಲೂರಿ ಕುಳಿತು, “ತಾತ, ಅದರ ಬೆನ್ನಮೇಲೆ ರೆಕ್ಕೆ ಇದೆಯಲ್ಲ, ಮತ್ತೇಕೆ ಹಾರಲಿಲ್ಲ? ಏಕೆ ಓಡಿತು?” ಎಂದು ಕೇಳಿದಳು.

ಮಕ್ಕಳ ಪ್ರಶ್ನೆಗಳಲ್ಲಿ ಕೆಲವು ಹೀಗೆಯೇ. ನೋಡಲು ಚಿಕ್ಕವು, ಉತ್ತರಿಸಹೊರಟರೆ ಎಲ್ಲಿಗೋ ಎಳೆದುಕೊಂಡು ಹೋಗುತ್ತವೆ. ಈ ಪ್ರಶ್ನೆಯ ಹಿಂದೆ ಹೊರಟವನು ಪೋಲೆಂಡಿನ ಪೈನ್ ತೋಪುಗಳನ್ನೂ ಕೆನಡಾದ ಉತ್ತರದ ಕಾಡುಗಳನ್ನೂ ಹಾಯ್ದು, ಕಡೆಗೆ ಲಕ್ಸೆಂಬರ್ಗಿನ ನ್ಯಾಯಾಲಯವೊಂದರ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ. ವಾಚಕರು ಬೇಸರಪಡದೆ ಜೊತೆಗೆ ಬರಬೇಕು.

ಮೊದಲು ಹೆಸರಿನ ವಿಷಯ. ಬೆನ್ನಮೇಲೆ ಗಟ್ಟಿಯಾದ ಹೊದಿಕೆಯುಳ್ಳ ಈ ಬಗೆಯ ಹುಳುಗಳನ್ನು ನಮ್ಮ ಪುಸ್ತಕಗಳಲ್ಲಿ ಜೀರುಂಡೆಗಳೆಂದು ಕರೆಯುತ್ತಾರೆ. ಮಲೆನಾಡಿನವರು ಇದನ್ನು ಒಪ್ಪಲಾರರು. ಅವರ ಪಾಲಿಗೆ ಜೀರುಂಡೆಯೆಂದರೆ ಕಿವಿ ಕಿವುಡಾಗುವಂತೆ ಜೀರಿಡುವ ಪ್ರಾಣಿ. ನಾವು ಹೇಳಹೊರಟಿರುವ ಹುಳು ಹಾಡುವುದಿಲ್ಲ, ಹೂವಿಗೆ ಹೋಗುವುದಿಲ್ಲ, ದೀಪದ ಸುತ್ತ ಸುತ್ತುವುದೂ ಅಪರೂಪ. ಅದು ನೆಲವನ್ನೇ ನಂಬಿರುವ ಜೀವಿ. ಆದುದರಿಂದ ನೆಲಜೀರುಂಡೆ ಎಂದು ಕರೆಯೋಣ. ಪ್ರಪಂಚದಲ್ಲಿ ಇವುಗಳಲ್ಲಿ ಸುಮಾರು 40,000 ಜಾತಿಗಳುಂಟು. ಇಂಡಿಯಾದ ನೆಲಜೀರುಂಡೆಗಳನ್ನು ಕುರಿತು ಆಂಡ್ರೂಸ್ ಎಂಬ ವಿದ್ವಾಂಸನು 1929 ಮತ್ತು 1935ರಲ್ಲಿ ಎರಡು ದಪ್ಪ ಸಂಪುಟಗಳನ್ನು ಬರೆದು ಪ್ರಕಟಿಸಿದನು; ಕೀಟಶಾಸ್ತ್ರಜ್ಞರು ಇಂದಿಗೂ ಅವುಗಳ ಪುಟಗಳನ್ನು ತಿರುವಿಹಾಕುತ್ತಾರೆ. ನಮ್ಮ ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ ಅಡ್ಡಾಡಿದವರು ಇವುಗಳ ಪೈಕಿ ಒಂದನ್ನಾದರೂ ಕಂಡಿರಬೇಕು: ಹೆಬ್ಬೆರಳಿನ ಗಾತ್ರದ ಕಡುಗಪ್ಪು ಹುಳು, ಮೈಮೇಲೆ ಆರು ಬಿಳಿಯ ಚುಕ್ಕೆಗಳು. ಹಿಡಿಯಹೋದರೆ ಉರಿಯುವ ದ್ರವವನ್ನು ಚಿಮ್ಮಿಸುತ್ತದೆ.

ಈ ಚಿಮ್ಮಿಸುವ ವಿದ್ಯೆ ಮನೆತನದ ಆಸ್ತಿ. ಇವರ ಬಳಗದಲ್ಲಿಯೇ ಸಿಡಿಗುಂಡು ಹಾರಿಸುವ ಒಂದು ಶಾಖೆಯಿದ್ದು, ಅದು ಹೊಟ್ಟೆಯ ತುದಿಯ ಕೋಣೆಯಲ್ಲಿ ಎರಡು ರಾಸಾಯನಿಕಗಳನ್ನು ಬೆರೆಸಿ, ನೀರು ಕುದಿಯುವಷ್ಟು ಬಿಸಿಯಾದ ಆವಿಯನ್ನು ‘ಪಟ್’ ಎಂಬ ಸದ್ದಿನೊಡನೆ ಶತ್ರುವಿನ ಮುಖಕ್ಕೆ ಹಾರಿಸುತ್ತದೆ. ಆ ಬಿಸಿ 100 ಡಿಗ್ರಿಯನ್ನು ಮುಟ್ಟುವುದೆಂದು 1969ರಲ್ಲಿ ಅಮೆರಿಕೆಯ ವಿಜ್ಞಾನಿಗಳು ಅಳೆದು ತೋರಿಸಿದರು. ಚಾರ್ಲ್ಸ್ ಡಾರ್ವಿನ್ನನಿಗೆ ಈ ವಿಷಯ ಬಾಯಿಯ ಮೂಲಕವೇ ತಿಳಿಯಿತು. ಕೇಂಬ್ರಿಜಿನಲ್ಲಿ ಓದುತ್ತಿದ್ದಾಗ ಆತನಿಗೆ ಜೀರುಂಡೆ ಹಿಡಿಯುವ ಹುಚ್ಚು. ಒಂದು ದಿನ ಹಳೆಯ ತೊಗಟೆಯನ್ನು ಕಿತ್ತಾಗ ಎರಡು ಅಪರೂಪದ ಹುಳುಗಳು ಕಂಡವು. ಎರಡು ಕೈಗಳಲ್ಲಿ ಹಿಡಿದನು. ಅಷ್ಟರಲ್ಲಿ ಮೂರನೆಯದು ಕಾಣಿಸಿತು. ಬಿಡಲು ಮನಸ್ಸಿಲ್ಲದೆ ಬಲಗೈಯದನ್ನು ಬಾಯಿಗೆ ಹಾಕಿಕೊಂಡನು. ನಾಲಗೆ ಸುಟ್ಟಂತಾಗಿ ಉಗುಳಿದನು. ಅದೂ ಹೋಯಿತು, ಮೂರನೆಯದೂ ಹೋಯಿತು.

ಇನ್ನು ರೆಕ್ಕೆಯ ಮಾತಿಗೆ ಬರೋಣ. ಬೆನ್ನಮೇಲೆ ಕಾಣುವ ಕರಿಯ ಹೊದಿಕೆ ನಿಜವಾಗಿ ರೆಕ್ಕೆಯ ಪೆಟ್ಟಿಗೆಯ ಮುಚ್ಚಳ. ಹಾರುವ ಜಾತಿಗಳಲ್ಲಿ ಅದರೊಳಗೆ ತೆಳುವಾದ ರೆಕ್ಕೆಗಳು ಮಡಿಸಿಟ್ಟ ಪಂಚೆಯಂತೆ ಇರುತ್ತವೆ. ಆದರೆ ಅನೇಕ ನೆಲಜೀರುಂಡೆಗಳ ಮುಚ್ಚಳವನ್ನು ಎತ್ತಿ ನೋಡಿದರೆ ಒಳಗೆ ಒಂದು ಚೂರು ಚಿಂದಿ ಮಾತ್ರ. ಕೆಲವಂತೂ ಮುಚ್ಚಳದ ಎರಡು ಹೋಳುಗಳನ್ನೂ ನಡುವೆ ಬೆಸೆದುಕೊಂಡು, ಹಾರುವ ಮಾತೇ ಬೇಡವೆಂದು ಬೀಗ ಹಾಕಿಬಿಟ್ಟಿವೆ. ಇನ್ನೂ ಸೋಜಿಗವೆಂದರೆ, ಒಂದೇ ಜಾತಿಯಲ್ಲಿ ಕೆಲವಕ್ಕೆ ಉದ್ದ ರೆಕ್ಕೆ, ಕೆಲವಕ್ಕೆ ಮೋಟು ರೆಕ್ಕೆ. ಸ್ವೀಡನ್ನಿನ ಕಾರ್ಲ್ ಲಿಂಡ್ರೋತ್ ಎಂಬಾತನು ಇಂಥ ಒಂದು ಜಾತಿಯನ್ನು ಸಾಕಿ, ಜೋಡಿಮಾಡಿಸಿ, ಮೆಂಡೆಲನ ಬಟಾಣಿಗಳಂತೆಯೇ ಇವುಗಳ ರೆಕ್ಕೆಯೂ ವಂಶದಲ್ಲಿ ಇಳಿದುಬರುತ್ತದೆಂದೂ ಮೋಟುತನವೇ ಪ್ರಬಲ ಗುಣವೆಂದೂ 1946ರಲ್ಲಿ ತೋರಿಸಿಕೊಟ್ಟನು.

ಇದ್ದ ರೆಕ್ಕೆಯನ್ನು ಕಳೆದುಕೊಳ್ಳುವುದು ನಷ್ಟವಲ್ಲವೆ ಎಂದು ಕೇಳಬಹುದು. ಬಾಡಿಗೆ ಮನೆಯಲ್ಲಿರುವವರು ಪೆಟ್ಟಿಗೆ ಹಾಸಿಗೆಗಳನ್ನು ಕಟ್ಟಲು ಹಗ್ಗವನ್ನು ಸದಾ ಕೈಗೆಟುಕುವಂತೆ ಇಟ್ಟುಕೊಂಡಿರುತ್ತಾರೆ. ತಾತ ಮುತ್ತಾತಂದಿರ ಕಾಲದ ಸ್ವಂತ ಮನೆಯಲ್ಲಿರುವವನಿಗೆ ಆ ಹಗ್ಗ ಏತಕ್ಕೆ? ರೆಕ್ಕೆಯನ್ನೂ ಅದನ್ನು ಬಡಿಯುವ ಸ್ನಾಯುಗಳನ್ನೂ ಬೆಳೆಸಲು ಆಹಾರ ಖರ್ಚಾಗುತ್ತದೆ. ನೂರಾರು ವರ್ಷಗಳಿಂದ ಬದಲಾಗದ ಕಾಡಿನ ನೆಲದಲ್ಲಿ ಬಾಳುವ ಹುಳು ಆ ಖರ್ಚನ್ನು ಉಳಿಸಿ ಮೈಗೆ ಹಾಕಿಕೊಳ್ಳುತ್ತದೆ, ಮೊಟ್ಟೆಗೆ ಹಾಕುತ್ತದೆ. ಅದೇ ಹೊಳೆಯ ದಂಡೆಯ ಮರಳಿನಲ್ಲಿ, ಉತ್ತ ಹೊಲದಲ್ಲಿ, ಬೆಂಕಿ ಬಿದ್ದ ಬಯಲಿನಲ್ಲಿ ಬಾಳುವ ಹುಳುವಿಗೆ ನಾಳೆ ಇಲ್ಲಿ ಇರುವೆನೆಂಬ ಭರವಸೆಯಿಲ್ಲ. ಅದು ಗಾತ್ರದಲ್ಲಿ ಚಿಕ್ಕದು, ಬೇಗ ಬೆಳೆಯುವಂಥದು, ರೆಕ್ಕೆಯುಳ್ಳದ್ದು.

ಹೀಗೆ ಯೂರೋಪಿನ ಹಳೆಯ ಕಾಡುಗಳ ನೆಲದಲ್ಲಿ ದೊಡ್ಡ ಮೈಯ, ರೆಕ್ಕೆಯಿಲ್ಲದ ಹುಳುಗಳ ಒಂದು ಸಂಸಾರ ನೆಲೆಗೊಂಡಿದೆ. ‘ಕ್ಯಾರಬಸ್’ ಎಂಬ ಕುಲದವು ಅವುಗಳಲ್ಲಿ ಮುಖ್ಯವಾದುವು. ಕೆಲವಕ್ಕೆ ಮೈಯಂಚಿನಲ್ಲಿ ನೇರಳೆ ಬಣ್ಣದ ಹೊಳಪು, ಕೆಲವಕ್ಕೆ ಕಂಚಿನ ಬಣ್ಣ. ದೊಡ್ಡದು 40 ಮಿಲಿಮೀಟರ್ ಉದ್ದವಿರುತ್ತದೆ. ರಾತ್ರಿಯ ಹೊತ್ತು ಹೊರಟು ಎರೆಹುಳು, ಗೊಂಡೆಹುಳು, ಬಸವನಹುಳುಗಳನ್ನು ಬೇಟೆಯಾಡುತ್ತವೆ. ಬಸವನಹುಳುವಿನ ಚಿಪ್ಪಿನೊಳಕ್ಕೆ ತಲೆ ತೂರಿಸುವುದಕ್ಕೆಂದೇ ಮುಖ ಸಣ್ಣಗೆ ನೀಳವಾಗಿರುವ ಜಾತಿಯೊಂದೂ ಇದೆ. ಇವು ಇಡುವ ಮೊಟ್ಟೆಗಳು ಕಡಿಮೆ. ಹಲವು ಜಾತಿಗಳು ಮಳೆಗಾಲದ ಕೊನೆಗೆ ಮೊಟ್ಟೆಯಿಟ್ಟು, ಮರಿಹುಳುಗಳು ಹಿಮದ ಅಡಿಯಲ್ಲಿ, ಮಣ್ಣಿನೊಳಗೆ ಚಳಿಗಾಲವನ್ನು ಕಳೆಯುತ್ತವೆ. ಒಂದೊಂದು ಹುಳು ಎರಡು ಮೂರು ವರ್ಷ ಬದುಕುವುದೂ ಉಂಟು. ಹುಳುಗಳ ಲೋಕದಲ್ಲಿ ಇದು ದೀರ್ಘಾಯುಷ್ಯವೇ ಸರಿ.

ಇಷ್ಟೆಲ್ಲ ಹೇಗೆ ತಿಳಿಯಿತೆಂದರೆ, ನೆಲದಲ್ಲಿ ಲೋಟ ಹೂಳುವುದರಿಂದ. ಇದಕ್ಕಿಂತ ಸರಳವಾದ ವೈಜ್ಞಾನಿಕ ಉಪಕರಣವನ್ನು ನಾನು ಕೇಳಿಲ್ಲ. ಅಂಚು ನೆಲದ ಮಟ್ಟಕ್ಕೆ ಸರಿಯಾಗಿ ಬರುವಂತೆ ಒಂದು ಪಾತ್ರೆಯನ್ನು ಹೂಳಬೇಕು. ಮೇಲೆ ಮಳೆ ಬೀಳದಂತೆ ಚಿಕ್ಕದೊಂದು ಚಪ್ಪರ. ರಾತ್ರಿ ಓಡಾಡುವ ಹುಳು ಅದರಲ್ಲಿ ಬೀಳುತ್ತದೆ. 1927ರಲ್ಲಿ ಹರ್ಟ್ಸ್ ಎಂಬಾತನು ಫಿನ್ನಿಷ್ ಭಾಷೆಯ ಪತ್ರಿಕೆಯೊಂದರಲ್ಲಿ ಈ ಉಪಾಯವನ್ನು ಬರೆದನು; 1931ರಲ್ಲಿ ಗುಹೆಯ ಕೀಟಗಳನ್ನು ಹಿಡಿಯಲು ಅಮೆರಿಕೆಯ ಬಾರ್ಬರ್ ಇದನ್ನೇ ಬಳಸಿದನು. ಇದರಲ್ಲೊಂದು ದೋಷವಿದೆಯೆಂಬುದನ್ನು ಬಲ್ಲವರು ಮರೆಯುವುದಿಲ್ಲ. ಹೆಚ್ಚು ಓಡಾಡುವ ಹುಳು ಹೆಚ್ಚು ಬೀಳುತ್ತದೆ, ಮನೆಯಲ್ಲಿಯೇ ಕುಳಿತಿರುವ ಹುಳು ಲೆಕ್ಕಕ್ಕೆ ಸಿಕ್ಕುವುದೇ ಇಲ್ಲ. ಪೇಟೆಬೀದಿಯಲ್ಲಿ ನಿಂತು ಊರಿನ ಜನಗಣತಿ ಮಾಡಿದಂತೆ. ಆದರೂ ಒಂದು ಕಾಡನ್ನೂ ಇನ್ನೊಂದು ಕಾಡನ್ನೂ ಹೋಲಿಸಿ ನೋಡಲು ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಈಗ ಕೊಡಲಿಯ ಮಾತು. ಪೋಲೆಂಡಿನಲ್ಲಿ 1945ರಲ್ಲಿ ಮಹಾಯುದ್ಧ ಮುಗಿದಾಗ ದೇಶದ ಶೇಕಡ 21ರಷ್ಟು ನೆಲದಲ್ಲಿ ಮಾತ್ರ ಕಾಡು ಉಳಿದಿತ್ತು. ಪಾಳುಬಿದ್ದ ಹೊಲಗಳಲ್ಲೆಲ್ಲ ಸಾಲುಸಾಲಾಗಿ ಪೈನ್ ಸಸಿಗಳನ್ನು ನೆಟ್ಟು, ಇಂದು ಅದು ಶೇಕಡ 30ರ ಸಮೀಪಕ್ಕೆ ಬಂದಿದೆ. ಇದು ಸಣ್ಣ ಸಾಧನೆಯಲ್ಲ. ನಾವು ಟೋಪಿ ತೆಗೆದು ನಮಸ್ಕರಿಸಬೇಕಾದ ಸಾಧನೆ. ಅಲ್ಲಿ ಪೈನ್ ಮರವನ್ನು ಬೆಳೆಯೆಂದೇ ಎಣಿಸುತ್ತಾರೆ. ಸುಮಾರು 100 ವರ್ಷಕ್ಕೆ ಬೆಳೆ ಮಾಗಿತೆಂದು ಒಂದು ತುಂಡು ಕಾಡಿನ ಎಲ್ಲ ಮರಗಳನ್ನೂ ಕಡಿದು, ನೆಲಕ್ಕೆ ನೇಗಿಲು ಹೂಡಿ ಸಾಲು ತೆಗೆದು, ಮತ್ತೆ ಸಸಿಗಳನ್ನು ನೆಡುವುದು ಪದ್ಧತಿ.

ಹೀಗೆ ಎಲ್ಲವನ್ನೂ ಕಡಿದ ಮಾರನೆಯ ವರ್ಷ ಅಲ್ಲಿ ಲೋಟ ಹೂಳಿದರೆ ಏನು ಕಾಣುತ್ತದೆ? ಮರಗಳು ಹೋದುವು, ಹುಳುಗಳೂ ಹೋಗಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ನಡೆಯುವುದು ಅದಲ್ಲ. ಸಾಮಾನ್ಯವಾಗಿ ಜಾತಿಗಳ ಸಂಖ್ಯೆ ಏರುತ್ತದೆ! ಕಾಡಿನ ಹುಳುಗಳಲ್ಲಿ ಕೆಲವು ಇನ್ನೂ ಅಲ್ಲಿಯೇ ತಡವರಿಸುತ್ತಿರುತ್ತವೆ. ಅವುಗಳ ನಡುವೆ ಬಿಸಿಲನ್ನು ಬಯಸುವ ಹೊಲದ ಹುಳುಗಳು, ಹುಲ್ಲಿನ ಬೀಜ ತಿನ್ನುವ ಹುಳುಗಳು, ಮೂರು ನಾಲ್ಕು ಮಿಲಿಮೀಟರಿನ ಚುರುಕಾದ ಪುಟಾಣಿಗಳು ರೆಕ್ಕೆ ಬಿಚ್ಚಿಕೊಂಡು ಬಂದಿಳಿಯುತ್ತವೆ. ಪಟ್ಟಿಯಲ್ಲಿ ಹೆಸರುಗಳನ್ನು ಎಣಿಸುವ ಗುಮಾಸ್ತನು ‘ಕಾಡು ಕಡಿದುದರಿಂದ ಜೀವವೈವಿಧ್ಯ ಹೆಚ್ಚಿದೆ’ ಎಂದು ವರದಿ ಬರೆದರೆ, ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ಸಾಧ್ಯವಿಲ್ಲ. ಲೆಕ್ಕ ಸರಿ, ಲೆಕ್ಕ ಹಾಕಿದ ವಸ್ತು ಬೇರೆ.

ಈ ಮೋಸವನ್ನು ತಪ್ಪಿಸಲು ಒಬ್ಬ ಅರಣ್ಯವಿಜ್ಞಾನಿ ಕಂಡುಕೊಂಡ ಉಪಾಯವೇ ಈ ಲೇಖನಕ್ಕೆ ಕಾರಣ. ಆತನ ಹೆಸರು ಯಾನ್ ಶಿಶ್ಕೊ. ಪೋಲೆಂಡಿನವನು, 1944ರಲ್ಲಿ ಹುಟ್ಟಿದವನು. ಆ ದೇಶದ ಪೈನ್ ಕಾಡುಗಳಲ್ಲಿ 1980ರ ಆಸುಪಾಸಿನಲ್ಲಿ ಒಂದು ಜಾತಿಯ ಪತಂಗದ ಕಂಬಳಿಹುಳುಗಳು ದಂಡೆತ್ತಿ ಬಂದು ಲಕ್ಷಾಂತರ ಹೆಕ್ಟೇರ್ ಕಾಡಿನ ಎಲೆಗಳನ್ನು ಬೋಳಿಸಿದುವು. ಯಾವ ಕಾಡು ಒಳಗಿನಿಂದಲೇ ದುರ್ಬಲವಾಗಿದೆ, ಯಾವುದು ಸ್ವಸ್ಥವಾಗಿದೆ ಎಂದು ಮೊದಲೇ ತಿಳಿಯುವುದು ಹೇಗೆ ಎಂಬುದು ಅಂದಿನ ಪ್ರಶ್ನೆ. ಶಿಶ್ಕೊ ನೆಲಜೀರುಂಡೆಗಳ ನಾಡಿ ಹಿಡಿದು ನೋಡಲು ಹೊರಟನು. 1990ರಲ್ಲಿ ಆ ಕುರಿತು ಪುಸ್ತಕವನ್ನೂ ಪ್ರಕಟಿಸಿದನು. ಆತನು ಹೇಳಿದುದಿಷ್ಟೆ: ಹುಳುಗಳನ್ನು ಎಣಿಸಿದರೆ ಸಾಲದು, ತೂಗಿರಿ. ಲೋಟಗಳಲ್ಲಿ ಸಿಕ್ಕ ಎಲ್ಲ ನೆಲಜೀರುಂಡೆಗಳ ಒಟ್ಟು ತೂಕವನ್ನು ಅವುಗಳ ಸಂಖ್ಯೆಯಿಂದ ಭಾಗಿಸಿರಿ. ಒಂದು ಹುಳುವಿನ ಸರಾಸರಿ ತೂಕ ಬರುತ್ತದೆ. ಆ ಒಂದು ಅಂಕಿ ಕಾಡಿನ ನೆಲ ಎಷ್ಟು ಹಳೆಯದು, ಎಷ್ಟು ನೆಮ್ಮದಿಯಾಗಿದೆ ಎಂಬುದನ್ನು ಹೇಳುತ್ತದೆ.

ಇದನ್ನು ಗುಲಗಂಜಿಯ ತೂಕದಲ್ಲಿ ಹೇಳಿದರೆ ನಮಗೆ ಸುಲಭ. ಅಕ್ಕಸಾಲಿಗರ ಗುಲಗಂಜಿ ಸುಮಾರು 120 ಮಿಲಿಗ್ರಾಂ. ಒಂದು ಹಳೆಯ ಕಾಡಿನಲ್ಲಿ ನೂರು ಹುಳುಗಳು ಸಿಕ್ಕವೆಂದು ಊಹಿಸಿಕೊಳ್ಳಿ. ಅವುಗಳಲ್ಲಿ ನಲವತ್ತು ಒಂದೊಂದೂ ಆರು ಗುಲಗಂಜಿ ತೂಗುವ ದೊಡ್ಡವು, ಅರವತ್ತು ಅರ್ಧ ಗುಲಗಂಜಿಯವು. ಸರಾಸರಿ ಎರಡೂ ಮುಕ್ಕಾಲು ಗುಲಗಂಜಿಗೆ ಸ್ವಲ್ಪ ಕಡಿಮೆ. ಕಾಡನ್ನು ಕಡಿದ ಮೇಲೆ ದೊಡ್ಡವು ಹತ್ತು, ಚಿಕ್ಕವು ಇನ್ನೂರು ಎಂದಿಟ್ಟುಕೊಳ್ಳಿ. ಹುಳುಗಳ ಸಂಖ್ಯೆ ಇಮ್ಮಡಿಯಾಯಿತು, ಸರಾಸರಿ ಮಾತ್ರ ಮುಕ್ಕಾಲು ಗುಲಗಂಜಿಗೆ ಬಂದಿಳಿಯಿತು. ಅಂಕಿಗಳು ನನ್ನ ಊಹೆಯವು, ಲೆಕ್ಕದ ರೀತಿ ಶಿಶ್ಕೊವಿನದು. ತರಕಾರಿ ಚೀಲದಲ್ಲಿ ಕುಂಬಳಕಾಯಿ ಹೋಗಿ ಹಿಡಿ ಸಾಸಿವೆ ಬಂದರೆ, ಎಣಿಕೆಯಲ್ಲಿ ಲಾಭವಾಯಿತೆಂದು ಯಾವ ಗೃಹಿಣಿಯೂ ಸಂತೋಷಪಡುವುದಿಲ್ಲ.

ದೊಡ್ಡ ಹುಳುಗಳು ಹೋಗುವುದೇಕೆ? ಕಾರಣ ಒಂದಲ್ಲ. ಮರದ ನೆರಳು ಹೋದೊಡನೆ ನೆಲ ಕಾಯುತ್ತದೆ, ತರಗೆಲೆಯ ಕೆಳಗಿನ ಪಸೆ ಆರಿಹೋಗುತ್ತದೆ, ಬಸವನಹುಳುಗಳು ಮರೆಯಾಗುತ್ತವೆ. ನೇಗಿಲು ಬಂದಾಗ ಮಣ್ಣಿನೊಳಗೆ ಚಳಿಗಾಲ ಕಳೆಯುತ್ತಿದ್ದ ಮರಿಹುಳುಗಳ ಗತಿ ಏನೆಂದು ಹೇಳಬೇಕಾಗಿಲ್ಲ; ವಸಂತದಲ್ಲಿ ಮೊಟ್ಟೆಯಿಟ್ಟು ಬೇಸಿಗೆಯಲ್ಲಿಯೇ ಬೆಳೆದು ಮುಗಿಸುವ ಜಾತಿಗಳಿಗಿಂತ, ಮಣ್ಣನ್ನು ನಂಬಿ ಮರಿಯನ್ನು ಬಿಟ್ಟುಹೋಗುವ ಜಾತಿಗಳೇ ಹೆಚ್ಚು ಪೆಟ್ಟು ತಿನ್ನುತ್ತವೆ. ಮೊಟ್ಟೆ ಕಡಿಮೆಯಿಡುವ ಹುಳು ಬೇಗ ಚೇತರಿಸಿಕೊಳ್ಳಲಾರದು. ಇವೆಲ್ಲಕ್ಕಿಂತ ಮಿಗಿಲಾಗಿ, ಹೋದವು ಮರಳಿ ಬರಲು ರೆಕ್ಕೆಯಿಲ್ಲ. ಪಕ್ಕದ ಕಾಡಿನಿಂದ ನಡೆದೇ ಬರಬೇಕು. ನಡುವೆ ಒಂದು ಡಾಂಬರು ರಸ್ತೆ ಅಡ್ಡ ಬಂದರೂ ಸಾಕು. ಜರ್ಮನಿಯಲ್ಲಿ ಮಾಡರ್ ಎಂಬ ವಿಜ್ಞಾನಿ ಕಾಡಿನ ಜೀರುಂಡೆಗಳ ಮೈಗೆ ಗುರುತು ಹಾಕಿ ಬಿಟ್ಟು, ಅವು ರಸ್ತೆಯಂಚಿನವರೆಗೂ ಬಂದು ದಾಟುವುದು ಬಹು ಅಪರೂಪವೆಂದು 1984ರಲ್ಲಿ ಪ್ರಕಟಿಸಿದನು. ನಮಗೆ ನಾಲ್ಕು ಹೆಜ್ಜೆಯ ರಸ್ತೆ, ಅದಕ್ಕೆ ಮರುಭೂಮಿ.

ಹಾಗಾದರೆ ಎಷ್ಟು ಕಾಲ ಕಾಯಬೇಕು? ಇದಕ್ಕೆ ಉತ್ತರ ಹುಡುಕಿದವರು ಕೆನಡಾದ ಆಲ್ಬರ್ಟ ಪ್ರಾಂತದಲ್ಲಿದ್ದಾರೆ. ಅಲ್ಲಿಯ ಪೈನ್ ಕಾಡುಗಳಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಕಡಿದು ಮತ್ತೆ ಬೆಳೆಯುತ್ತಿದ್ದ ತುಂಡುಗಳನ್ನೂ ಎಂದೂ ಕಡಿಯದ ಹಳೆಯ ಕಾಡನ್ನೂ ಹೋಲಿಸಿ, ಫಿನ್ಲೆಂಡಿನ ನಿಯೆಮೆಲ ಮತ್ತು ಕೆನಡಾದ ಲ್ಯಾಂಗರ್, ಸ್ಪೆನ್ಸ್ ಎಂಬುವರು 1993ರಲ್ಲಿ ವರದಿ ಮಾಡಿದರು. ಕಡಿದು 27 ವರ್ಷಗಳಾಗಿದ್ದ ತುಂಡುಗಳಲ್ಲಿಯೂ ಹಳೆಯ ಕಾಡನ್ನೇ ಅವಲಂಬಿಸಿದ ಕೆಲವು ಹುಳುಗಳು ಮರಳಿ ಬಂದಿರಲಿಲ್ಲ. ಮರಗಳು ಬಂದಿದ್ದುವು. ದೂರದಿಂದ ನೋಡಿದವನಿಗೆ ಕಾಡೇ. 27 ವರ್ಷವೆಂದರೆ ನಮ್ಮಲ್ಲಿ ಮಗು ಹುಟ್ಟಿ, ಓದಿ, ಕೆಲಸಕ್ಕೆ ಸೇರಿ, ಮದುವೆಯಾಗುವಷ್ಟು ಕಾಲ.

ಬೆಂಕಿ ಬಿದ್ದರೂ ಬಿರುಗಾಳಿ ಬಂದರೂ ಕಾಡು ಬೀಳುತ್ತದಲ್ಲ, ಕೊಡಲಿಯನ್ನೇ ಏಕೆ ಬೈಯಬೇಕು ಎಂದು ಅರಣ್ಯ ಇಲಾಖೆಯವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಉತ್ತರದ ಕಾಡುಗಳಲ್ಲಿ ಬೆಂಕಿ ಸಹಜ. ಸುಟ್ಟ ನೆಲದ ವಾಸನೆ ಹಿಡಿದು ಹಾರಿಬರುವ, ಬೇರೆಲ್ಲಿಯೂ ಹೆಚ್ಚಾಗಿ ಕಾಣಿಸದ ನೆಲಜೀರುಂಡೆಗಳೂ ಇವೆ. ಆದರೆ ಬೆಂಕಿಯಾಗಲಿ ಗಾಳಿಯಾಗಲಿ ದಿಮ್ಮಿಗಳನ್ನು ಲಾರಿಗೆ ಹೇರಿಕೊಂಡು ಹೋಗುವುದಿಲ್ಲ. ಅವು ಅಲ್ಲಲ್ಲಿ ಹಸುರು ತುಂಡುಗಳನ್ನು, ತೇವದ ತಗ್ಗುಗಳನ್ನು ಮುಟ್ಟದೆ ಬಿಡುತ್ತವೆ. 2002ರ ಜುಲೈ 4ರಂದು ಪೋಲೆಂಡಿನ ಈಶಾನ್ಯ ಭಾಗದ ಪಿಸ್ಕಾ ಅರಣ್ಯದ ಮೇಲೆ ಬೀಸಿದ ಚಂಡಮಾರುತವು ಸಾವಿರಾರು ಹೆಕ್ಟೇರ್ ಪೈನ್ ಮರಗಳನ್ನು ಕಡ್ಡಿಗಳಂತೆ ಮುರಿದು ಹಾಕಿತು. ಹೆಚ್ಚಿನ ಭಾಗವನ್ನು ತೆರವುಗೊಳಿಸಿ ಸಸಿ ನೆಟ್ಟರು. ಐನೂರು ಹೆಕ್ಟೇರಿಗೆ ತುಸು ಕಡಿಮೆಯಾದ ಒಂದು ಭಾಗವನ್ನು ಮಾತ್ರ, ಏನಾಗುವುದೋ ನೋಡೋಣವೆಂದು, ಬಿದ್ದ ಮರ ಬಿದ್ದಂತೆಯೇ ಬಿಟ್ಟರು. ಆ ಜಾಣ ಸೋಮಾರಿತನದಿಂದ ಕೀಟಶಾಸ್ತ್ರಜ್ಞರಿಗೆ ಅಪೂರ್ವ ಪ್ರಯೋಗಶಾಲೆಯೊಂದು ದೊರೆಯಿತು. ಉರುಳಿದ ಮರದ ಬುಡ ನೆಲಜೀರುಂಡೆಗೆ ಛತ್ರವಿದ್ದಂತೆ. ಅಲ್ಲಿ ನೆರಳುಂಟು, ಪಸೆಯುಂಟು, ಊಟವುಂಟು.

ಕಡಿಯಲೇಬೇಕಾದರೆ ಎಷ್ಟನ್ನು ಬಿಡಬೇಕು ಎಂಬುದನ್ನು ತಿಳಿಯಲು ಆಲ್ಬರ್ಟದಲ್ಲಿಯೇ 1998ರಲ್ಲಿ ದೊಡ್ಡ ಪ್ರಯೋಗವೊಂದು ಆರಂಭವಾಯಿತು. ಹತ್ತು ಹತ್ತು ಹೆಕ್ಟೇರಿನ ತುಂಡುಗಳು. ಒಂದರಲ್ಲಿ ಶೇಕಡ 10ರಷ್ಟು ಮರಗಳನ್ನು ಬಿಟ್ಟರು, ಒಂದರಲ್ಲಿ 20, ಮತ್ತೊಂದರಲ್ಲಿ 50, ಇನ್ನೊಂದರಲ್ಲಿ 75. ಕೆಲವನ್ನು ಪೂರ್ತಿ ಕಡಿದರು, ಕೆಲವನ್ನು ಮುಟ್ಟಲಿಲ್ಲ. ಶಾಸ್ತ್ರಕ್ಕೆಂದು ಹತ್ತರಲ್ಲಿ ಒಂದು ಮರ ಬಿಟ್ಟರೆ ಕಾಡಿನ ನೆಲಜೀರುಂಡೆಗಳಿಗೆ ಅದು ಸಾಕಾಗುವುದಿಲ್ಲ, ಬಹಳಷ್ಟು ಮರಗಳನ್ನು ಉಳಿಸಲೇಬೇಕು ಎಂಬ ನಿರ್ಣಯವನ್ನು 2010ರಲ್ಲಿ ಪ್ರಕಟಿಸಿದರು. ಮರ ಮಾರುವವರಿಗೆ ಪ್ರಿಯವಾದ ನಿರ್ಣಯವಲ್ಲ. ಆದರೂ ಆ ಪ್ರಯೋಗದಲ್ಲಿ ಮರದ ಉದ್ಯಮದವರೂ ಸೇರಿಕೊಂಡಿದ್ದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಇನ್ನು ಶಿಶ್ಕೊವಿನ ಕಥೆಯ ಉತ್ತರಾರ್ಧ. ಆತನು ವಿಜ್ಞಾನಿಯಾಗಿಯೇ ಉಳಿಯಲಿಲ್ಲ; ರಾಜಕೀಯಕ್ಕೆ ಇಳಿದು, 2015ರಲ್ಲಿ ಮತ್ತೆ ಪೋಲೆಂಡಿನ ಪರಿಸರ ಮಂತ್ರಿಯಾದನು. ಆ ದೇಶದ ಪೂರ್ವದ ಗಡಿಯಲ್ಲಿ ಬಿಯಾವೊವಿಯೆಜಾ ಎಂಬ ಕಾಡಿದೆ. ಯೂರೋಪಿನ ಬಯಲು ಸೀಮೆಯನ್ನೆಲ್ಲ ಒಂದು ಕಾಲಕ್ಕೆ ಮುಚ್ಚಿದ್ದ ಮಹಾರಣ್ಯದ ಉಳಿದ ತುಣುಕುಗಳಲ್ಲಿ ಇದೇ ಪ್ರಸಿದ್ಧವಾದದ್ದು. ಅಲ್ಲಿಯ ಕಾಡುಕೋಣದ ಬಳಗದ ಬೈಸನ್ ಪ್ರಾಣಿಯನ್ನು ಮೃಗಾಲಯಗಳಲ್ಲಿ ಉಳಿದವುಗಳಿಂದ ಸಾಕಿ ಬೆಳೆಸಿ, 1952ರಲ್ಲಿ ಮತ್ತೆ ಕಾಡಿಗೆ ಬಿಟ್ಟರು. ಪೋಲೆಂಡಿನ ಪಾಲಿನ ಸುಮಾರು 60,000 ಹೆಕ್ಟೇರ್ ಕಾಡಿನಲ್ಲಿ ಆರರಲ್ಲೊಂದು ಭಾಗ ರಾಷ್ಟ್ರೀಯ ಉದ್ಯಾನ. ಮಿಕ್ಕ ಬಹುಭಾಗ ಅರಣ್ಯ ಇಲಾಖೆಯ ಕೈಯಲ್ಲಿದೆ. ಅಲ್ಲಿಯ ಸ್ಪ್ರೂಸ್ ಮರಗಳಿಗೆ ತೊಗಟೆ ಕೊರೆಯುವ ಹುಳುವಿನ ಪಿಡುಗು ತಗಲಿ ಮರಗಳು ಒಣಗತೊಡಗಿದುವು. 2016ರ ಮಾರ್ಚಿಯಲ್ಲಿ ಮಂತ್ರಿ ಶಿಶ್ಕೊ, ಅಲ್ಲಿಯ ಒಂದು ವಿಭಾಗದಲ್ಲಿ 2012ರಿಂದ 2021ರವರೆಗೆ ಕಡಿಯಬಹುದಾಗಿದ್ದ 63,471 ಘನಮೀಟರ್ ಮರವನ್ನು 1,88,000 ಘನಮೀಟರಿಗೆ ಏರಿಸಿ ಅಪ್ಪಣೆ ಕೊಟ್ಟನು.

ಯೂರೋಪಿನಲ್ಲೆಲ್ಲ ಕೋಲಾಹಲವೆದ್ದಿತು. ಕಾಡಿನೊಳಗೆ ಜನ ಯಂತ್ರಗಳಿಗೆ ತಮ್ಮನ್ನು ತಾವೇ ಕಟ್ಟಿಕೊಂಡರು. ಐರೋಪ್ಯ ಒಕ್ಕೂಟದ ನ್ಯಾಯಾಲಯವು 2017ರ ಜುಲೈಯಲ್ಲಿ ಕಡಿಯುವುದನ್ನು ನಿಲ್ಲಿಸಬೇಕೆಂದು ಮಧ್ಯಂತರ ಆಜ್ಞೆ ಮಾಡಿತು. ಅದೇ ನವೆಂಬರಿನಲ್ಲಿ, ಮಾತು ಕೇಳದಿದ್ದರೆ ದಿನಕ್ಕೆ ಕನಿಷ್ಠ 1,00,000 ಯೂರೋ ದಂಡವೆಂದು ಗದರಿಸಿತು. 2018ರ ಜನವರಿಯಲ್ಲಿ ಶಿಶ್ಕೊ ಮಂತ್ರಿಪದವಿಯನ್ನು ಕಳೆದುಕೊಂಡನು. ಏಪ್ರಿಲ್ 17ರಂದು ಬಂದ ತೀರ್ಪು, ಆ ಕಡಿತ ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ಸಾರಿತು. ತೀರ್ಪಿನಲ್ಲಿ ಹಕ್ಕಿಗಳ ಜೊತೆಗೆ, ಸತ್ತ ಮರದಲ್ಲಿ ಮಾತ್ರ ಬಾಳುವ ಹಲವು ಜೀರುಂಡೆಗಳ ಹೆಸರುಗಳೂ ಸೇರಿದ್ದುವು. ನ್ಯಾಯಾಧೀಶರು ಹುಳುಗಳ ಲ್ಯಾಟಿನ್ ಹೆಸರುಗಳನ್ನು ಓದುವ ದೃಶ್ಯವನ್ನು ಕಲ್ಪಿಸಿಕೊಳ್ಳಿ.

ಹುಳುವನ್ನು ತೂಗಿ ಕಾಡಿನ ವಯಸ್ಸನ್ನು ಹೇಳಲು ಕಲಿಸಿದವನೇ ಹಳೆಯ ಕಾಡಿಗೆ ಕೊಡಲಿ ಹಾಕಲು ಅಪ್ಪಣೆ ಕೊಟ್ಟನಲ್ಲ ಎಂದು ಮೂಗಿನ ಮೇಲೆ ಬೆರಳಿಡುವುದು ಸುಲಭ. ನಾನೂ ಮೊದಲು ಹಾಗೆಯೇ ಮಾಡಿದೆ. ಆದರೆ ಆತನ ವಾದ ಬೂಟಾಟಿಕೆಯದೆಂದು ನನಗೆ ತೋರುವುದಿಲ್ಲ. ಯೂರೋಪಿನ ಕಾಡೆಲ್ಲ ಮನುಷ್ಯನ ಕೈ ಸೋಕಿ ಬೆಳೆದದ್ದು, ರೋಗ ಬಂದಾಗ ವೈದ್ಯ ಕೈಕಟ್ಟಿ ಕೂರಬಾರದು ಎಂಬುದು ಆತನ ದೃಢವಾದ ನಂಬಿಕೆ. ಪಾಳು ಹೊಲಗಳು ಪೈನ್ ಕಾಡುಗಳಾದುದನ್ನು ಕಣ್ಣಾರೆ ಕಂಡ ತಲೆಮಾರಿನವನು ಆತ. ತಕ್ಕಡಿ ತೂಕವನ್ನು ಹೇಳುತ್ತದೆ. ಆ ತೂಕಕ್ಕೆ ಬೆಲೆಯೆಷ್ಟೆಂದು ಹೇಳುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ನ್ಯಾಯಾಲಯದ ಪಕ್ಷವೇ ನನ್ನದು. ತೊಗಟೆಹುಳು ಕೊಂದ ಸ್ಪ್ರೂಸ್ ಮರ ಕಾಡಿನಲ್ಲಿಯೇ ಉರುಳಿದರೆ ಅದರ ಅಡಿಯಲ್ಲಿ ಆ ರಾತ್ರಿಯೇ ಯಾರಾದರೂ ಮನೆ ಹೂಡುತ್ತಾರೆ. ಅದನ್ನು ಕಡಿದು ಸಾಗಿಸಿ, ಅಲ್ಲಿ ಹೊಸ ಸಸಿ ನೆಟ್ಟರೆ, ಮನೆ ಕಳೆದುಕೊಂಡವನು ನಡೆದುಕೊಂಡು ಬರುವ ತನಕ ಕಾಯುವವರು ಯಾರು?

ಶಿಶ್ಕೊ 2019ರ ಅಕ್ಟೋಬರಿನಲ್ಲಿ ತೀರಿಕೊಂಡನು. ಆತನ ತೂಕದ ವಿಧಾನವನ್ನು ಯೂರೋಪಿನ ಹಲವು ದೇಶಗಳ ಕೀಟಶಾಸ್ತ್ರಜ್ಞರು ಇಂದಿಗೂ ಬಳಸುತ್ತಿದ್ದಾರೆ. ಆತನ ಅಪ್ಪಣೆಯನ್ನು ಹೀಗಳೆದವರಲ್ಲಿಯೂ ಕೆಲವರು ಅದನ್ನು ಬಳಸಿರಬಹುದು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗಿತ್ತು. ಅವಳಿಗೆ ಲಕ್ಸೆಂಬರ್ಗ್ ಹಿಡಿಸಲಿಲ್ಲ, ಗುಲಗಂಜಿ ಹಿಡಿಸಿತು. ನಮ್ಮ ಹಿತ್ತಲಿನ ಹುಳು ಎಷ್ಟು ಗುಲಗಂಜಿ ತೂಗುತ್ತದೆ, ಅದಕ್ಕೆ ಮುಚ್ಚಳದ ಕೆಳಗೆ ರೆಕ್ಕೆ ಇದೆಯೇ ಇಲ್ಲವೇ ಎಂದು ಹಟಹಿಡಿದಳು. ಅದು ಆಗಲೇ ಗೋಡೆಯ ಬಿರುಕಿನಲ್ಲಿ ಮರೆಯಾಗಿತ್ತು. ಸಂಜೆ ಇಬ್ಬರೂ ಸೇರಿ ಕುಂಡವನ್ನು ಮೊದಲಿದ್ದ ಜಾಗದಲ್ಲಿಯೇ ಇಟ್ಟು, ಅದರ ಅಡಿಗೆ ಸ್ವಲ್ಪ ನೀರು ಚಿಮುಕಿಸಿದೆವು. ಮಾರನೆಯ ಬೆಳಗ್ಗೆ ನಾನು ಏಳುವ ಮೊದಲೇ ಅವಳು ಹಿತ್ತಲಿನಲ್ಲಿದ್ದಳು. ಕುಂಡವನ್ನು ಒಂದು ಬೆರಳಿನಷ್ಟು ಓರೆಮಾಡಿ, ಇಣಿಕಿ ನೋಡಿ, ಸದ್ದು ಮಾಡಬೇಡಿರೆಂದು ನನಗೆ ಕೈಸನ್ನೆ ಮಾಡಿದಳು.